ಹೆದರಿದರೆ ನಗುವ ಹುಡುಗಿ

ಕಡಲ ದಂಡೆಯ ಊರು ಕೇಣಿಯಲ್ಲಿ ಕುಪ್ಪನ ಮನೆಯಿಂದ ಜೋರಾಗಿ ನಗು ಕೇಳಿಸಿತೆಂದರೆ ಅಕ್ಕಪಕ್ಕದವರು ಒಲೆಯ ಮೇಲಿನ ಪಾತ್ರೆ ಇಳಿಸಿಟ್ಟು ಓಡಿ ಬರುತ್ತಾರೆ. ಯಾರಿಗೆ ಏನಾಯಿತೋ ಎಂದು.

ಆ ಮನೆಯವರ ರೀತಿಯೇ ಹಾಗೆ. ಉಳಿದ ಜನಕ್ಕೆ ಹೆದರಿಕೆಯಾದರೆ ಬೆವರು ಬರುತ್ತದೆ, ದುಃಖವಾದರೆ ಕಣ್ಣೀರು ಬರುತ್ತದೆ. ಕುಪ್ಪನ ವಂಶಕ್ಕೆ ಎರಡಕ್ಕೂ ನಗುವೇ ಬರುತ್ತದೆ. ಖುಷಿಯಾದಾಗ ಮಾತ್ರ ಅವರು ಗಂಭೀರವಾಗಿ ಕುಳಿತು ಎಲೆಯಡಿಕೆಯ ಕವಳ ಹಾಕುತ್ತಾರೆ. ಕುಪ್ಪ ಹರಿಕಂತ್ರನ ದೋಣಿ ಒಮ್ಮೆ ಅಳಿವೆಯ ಬಾಯಲ್ಲಿ ಮಗುಚಿ, ಅವನು ಬೋರಲು ಬಿದ್ದ ದೋಣಿಯ ಬೆನ್ನು ತಬ್ಬಿಕೊಂಡು ಅರ್ಧ ದಿನ ತೇಲಿದ್ದ. ಹುಡುಕಿ ಹೋದವರಿಗೆ ಮಳೆಯ ಮಬ್ಬಿನಲ್ಲಿ ದೋಣಿ ಕಾಣಲಿಲ್ಲ, ನಗು ಕೇಳಿಸಿತು. ಆ ನಗುವಿನ ಜಾಡು ಹಿಡಿದು ಹೋಗಿ ಅವನನ್ನು ಎತ್ತಿ ತಂದರು. ಅವನ ಹೆಂಡತಿ ತೀರಿಕೊಂಡ ದಿನ ಕುಪ್ಪ ಜಗುಲಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ಬಂದವರೆಲ್ಲ ಬೆನ್ನು ಸವರಿ, “ಪಾಪ, ತಡ್ಕಳೂಕೆ ಆಗೂದಿಲ್ಲ ಅವಂಗೆ” ಎಂದು ಕಣ್ಣೊರೆಸಿಕೊಂಡು ಹೋದರು.

ಕೇಣಿಯಲ್ಲಿ ಇದಕ್ಕೆ ಯಾರೂ ವಿವರಣೆ ಕೇಳುವುದಿಲ್ಲ. ತೊಂದರೆ ಶುರುವಾದದ್ದು ಕುಪ್ಪನ ಮೊಮ್ಮಗಳು ವಿನುತಾ ನರ್ಸಿಂಗ್ ಓದಲು ಕಾರವಾರಕ್ಕೆ ಹೋದ ಮೇಲೆ.

ನರ್ಸಿಂಗ್ ಆರಿಸಿದ್ದು ವಿನುತಾಳ ಆಯಿ, ಗಂಗೆ. ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಹೋಗಿ, ಮೀನು ತುಂಬಿದ ಬುಟ್ಟಿ ಹೊತ್ತು ಭಾವಿಕೇರಿಯ ಮನೆಮನೆ ತಿರುಗಿ ಮಾರುವ ಗಂಗೆಗೆ ಮಗಳ ಬಗ್ಗೆ ಒಂದೇ ಆಸೆ ಇತ್ತು: ಕೈಗೆ ಮೀನಿನ ವಾಸನೆ ಹತ್ತದ ಕೆಲಸ. ಮಗಳನ್ನು ಹಾಸ್ಟೆಲಿಗೆ ಬಿಡಲು ಬಂದವಳು ಆಸ್ಪತ್ರೆಯ ಕಾರಿಡಾರಿನ ವಾಸನೆಯನ್ನು ಒಂದು ಸಲ ಒಳಗೆಳೆದುಕೊಂಡು, “ಇದಕ್ಕಿಂತ ನನ್ನ ಬುಟ್ಟಿ ಅಡ್ಡಿಲ್ಲ” ಅಂದಿದ್ದಳು.

ಮೊದಲ ವರ್ಷ ಸುಖವಾಗಿ ಕಳೆಯಿತು. ಕಾಲೇಜಿನಲ್ಲಿ ಕಲಿಯಲು ಒಂದು ಪ್ಲಾಸ್ಟಿಕ್ ಗೊಂಬೆ ಇತ್ತು. ಅದಕ್ಕೆ ಸೂಜಿ ಚುಚ್ಚಬಹುದು, ಮೂಗಿನಿಂದ ನಳಿಗೆ ಇಳಿಸಬಹುದು, ಮಗ್ಗುಲು ಬದಲಿಸಿ ಹಾಸಿಗೆ ಹಾಕಬಹುದು. ಅದು ನರಳುವುದಿಲ್ಲ, ಕೈ ಹಿಡಿದುಕೊಂಡು ‘ನಾ ಬದುಕ್ತೆ ಅಲ್ದಾ?’ ಎಂದು ಕೇಳುವುದಿಲ್ಲ. ಗೊಂಬೆಯ ಮುಂದೆ ವಿನುತಾ ಇಡೀ ತರಗತಿಗೇ ಜಾಣೆ. ಅವಳ ಕೈ ಹಗುರ, ಲೆಕ್ಕ ಚೊಕ್ಕ. ಅವಳ ಟೀಚರು ವೈಜಯಂತಿ ಮೇಡಂ ಅವಳು ಹಾಕಿದ ಹಾಸಿಗೆಯನ್ನು ಉಳಿದವರಿಗೆ ತೋರಿಸುತ್ತಿದ್ದರು.

ಎರಡನೇ ವರ್ಷ ವಾರ್ಡಿನ ಪೋಸ್ಟಿಂಗ್ ಬಂತು.

ಮೊದಲನೇ ದಿನವೇ ಒಬ್ಬ ಮುದುಕನಿಗೆ ಇಂಜೆಕ್ಷನ್ ಕೊಡಬೇಕಾಯಿತು. ಮುದುಕ ಕಣ್ಣು ಮುಚ್ಚಿ ಹಲ್ಲು ಕಚ್ಚಿ ಮುಷ್ಟಿ ಬಿಗಿಹಿಡಿದಿದ್ದ. ಗೊಂಬೆ ಎಂದೂ ಹಲ್ಲು ಕಚ್ಚಿರಲಿಲ್ಲ. ವಿನುತಾಳ ಹೊಟ್ಟೆಯ ತಳದಲ್ಲಿ ಏನೋ ಮಿಸುಕಾಡಿತು, ಎದೆಗೆ ಏರಿತು, ಮೂಗಿನಿಂದ ಹೊರಗೆ ಬಂತು. ಸೂಜಿ ಸರಿಯಾಗಿಯೇ ಹೋಯಿತು. ಆದರೆ ಚುಚ್ಚಿದವಳು ಕಿಸಿಕಿಸಿ ನಗುತ್ತಿದ್ದಳು. ಮುದುಕ ಒಂದು ಕಣ್ಣು ತೆರೆದು, “ನಿಂಗೆ ಭಾರಿ ಮಜಾ ಬಂತು ಕಾಣ್ತದೆ” ಅಂದ.

ಅದು ಮೊದಲ ಸಲ. ಎರಡನೇ ಸಲದ್ದನ್ನು ವಿನುತಾ ಬಹಳ ದಿನ ಬಾಯಿಬಿಟ್ಟು ಹೇಳಲಿಲ್ಲ. ಹದಿನಾಲ್ಕನೇ ಮಂಚದಲ್ಲಿ ಕೋಡಿಬಾಗದ ಕಡೆಯವರೊಬ್ಬರು ಬೆಳಗಿನ ಹೊತ್ತು ತೀರಿಕೊಂಡರು. ಅವಳು ನೋಡಿದ ಮೊದಲ ಸಾವು ಅದು. ಅವರ ಮಗ ಕಿಶೋರ ಜೇಬಿನಿಂದ ಸಣ್ಣ ಬಾಚಣಿಗೆ ತೆಗೆದು ಅಪ್ಪನ ತಲೆ ಬಾಚುತ್ತಿದ್ದ. ಬೈತಲೆ ಸರಿಯಾಗಲಿಲ್ಲವೆಂದು ಮತ್ತೆ ಬಾಚಿದ. ಪರದೆ ಹಿಡಿದು ನಿಂತಿದ್ದ ವಿನುತಾ ತುಟಿ ಕಚ್ಚಿದಳು, ಕೈ ಚಿವುಟಿಕೊಂಡಳು, ಮನಸ್ಸಿನಲ್ಲಿ ಹದಿಮೂರರ ಮಗ್ಗಿ ಹೇಳಿದಳು. ಹದಿಮೂರೇಳಕ್ಕೆ ಬರುವಷ್ಟರಲ್ಲಿ ನಗು ಹೊರಗೆ ಬಂದುಬಿಟ್ಟಿತು. ಕಿಶೋರ ತಲೆಯೆತ್ತಿ ನೋಡಿದ. ಅವನಿಗೆ ಸಿಟ್ಟೇನೂ ಬಂದಿರಲಿಲ್ಲ. ತಿಳಿಯದ ಭಾಷೆಯ ಬೋರ್ಡು ಓದುವವನಂತೆ ಅವಳ ಮುಖ ನೋಡಿ, ಮತ್ತೆ ಬಾಚತೊಡಗಿದ.

ಅವಳು ಬಟ್ಟೆ ಇಡುವ ಕೋಣೆಗೆ ಹೋಗಿ ಹೊದಿಕೆಗಳ ರಾಶಿಗೆ ಮುಖವೊತ್ತಿ ಬಿಕ್ಕಿ ಬಿಕ್ಕಿ ನಕ್ಕಳು. ಎರಡು ದಿನ ಊಟ ಸೇರಲಿಲ್ಲ.

ವಾರ್ಡಿನಿಂದ ಎರಡೂ ಸಲದ ದೂರು ಹೋಗಿತ್ತು. ವೈಜಯಂತಿ ಮೇಡಂ ಕರೆದು ಮೆಮೊ ಕೊಟ್ಟರು. “ಮೂರನೇ ಸಲ ಹೀಗಾದರೆ ವಾರ್ಡಿನಿಂದ ಹೊರಗೆ. ವಾರ್ಡಿನಲ್ಲಿ ಕೆಲಸ ಮಾಡಿದ ಗಂಟೆಗಳು ಕಡಿಮೆಯಾದರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಒಂದು ವರ್ಷ ಹೋಗುತ್ತದೆ. ತಿಳಿಯಿತಾ?”

ತಿಳಿಯಿತು ಎನ್ನಲು ಬಾಯಿ ತೆರೆದರೆ ಏನು ಹೊರಗೆ ಬೀಳುತ್ತದೋ ಎಂದು ಹೆದರಿ ವಿನುತಾ ತಲೆ ಮಾತ್ರ ಆಡಿಸಿದಳು.

ಹಾಸ್ಟೆಲಿನಲ್ಲಿ ಅವಳ ಕೋಣೆಯ ಜೊತೆಗಾತಿ ರೂಪಾ, ಹೊನ್ನಾವರದವಳು. ರೂಪಾಳಿಗೆ ರಕ್ತ ಕಂಡರೆ ತಲೆ ತಿರುಗುತ್ತದೆ. ಈವರೆಗೆ ನಾಲ್ಕು ಸಲ ಬಿದ್ದಿದ್ದಾಳೆ, ನಾಲ್ಕು ಸಲವೂ ಗೌರವದಿಂದ ಎತ್ತಿ ಕೂರಿಸಿದ್ದಾರೆ. “ನ್ಯಾಯವೇ ಇಲ್ಲ ನೋಡು” ಎಂದಳು ವಿನುತಾ. “ಬಿದ್ದವರಿಗೆ ನಿಂಬೆ ಶರಬತ್ತು, ಅತ್ತವರಿಗೆ ಕರ್ಚೀಫು. ನಕ್ಕವರಿಗೆ ಮೆಮೊ.”

“ನಿಂಗೂ ಬೀಳೂಕೆ ಕಲಿಸ್ಲಾ?” ಎಂದು ರೂಪಾ ಕೇಳಿದಳು. ಮೊಣಕಾಲು ಸಡಿಲ ಬಿಡುವುದು ಹೇಗೆ, ತಲೆ ಮಂಚದ ಕಂಬಿಗೆ ಬಡಿಯದ ಹಾಗೆ ಯಾವ ಕಡೆ ವಾಲುವುದು, ಎಲ್ಲ ತೋರಿಸಿದಳು. ವಿನುತಾ ಮೂರು ಸಲ ಹಾಸಿಗೆಯ ಮೇಲೆ ಬಿದ್ದು ನೋಡಿದಳು. ಬೀಳುವಾಗ ಹೆದರಿಕೆಯಾಗಿ ನಗು ಬಂತು.

ಮನೆಗೆ ಫೋನು ಮಾಡಿದಳು. ಗಂಗೆ ಎಲ್ಲ ಕೇಳಿ, “ಅದು ನಿನ್ನ ಅಪ್ಪನ ಮನೆ ಆಸ್ತಿ ಮಗಾ, ನಾ ಯಂತ ಮಾಡೂದು?” ಎಂದಳು. “ನಿನ್ನ ಅಪ್ಪ ತಾಳಿ ಕಟ್ಟೂವಾಗ ಹಲ್ಲು ಕಿರೀತಿದ್ರು. ಖುಷಿಗೆ ಅಂತ ನಾ ಅಂದ್ಕಂಡಿದ್ದೆ. ಆಮೇಲೆ ಗೊತ್ತಾಯ್ತು, ಹೆದ್ರಿಕೆಗೆ ಅಂತ.”

“ಆಮೇಲೆ?”

“ಆಮೇಲೆ ಯಂತದು, ಹೆದ್ರಿದ್ದು ಸರಿಯೇ ಇತ್ತಲೆ.”

ಕೊನೆಗೆ ಉಪಾಯ ಹೊಳೆದದ್ದು ರೂಪಾಳಿಗೇ. ಮಾಸ್ಕು. ಡ್ರೆಸ್ಸಿಂಗಿಗೆ ಹೇಗೂ ಹಾಕಬೇಕು, ದಿನವಿಡೀ ಹಾಕಿಕೊಂಡರೆ ಯಾರು ಬೇಡವೆನ್ನುತ್ತಾರೆ? ಮರುದಿನದಿಂದ ವಿನುತಾ ಕಣ್ಣಿನ ಕೆಳಗಿನ ತನಕ ಮಾಸ್ಕು ಏರಿಸಿಕೊಂಡು ವಾರ್ಡಿಗೆ ಬಂದಳು. ಯಾರಾದರೂ ಕೇಳಿದರೆ ಸ್ವಲ್ಪ ಕೆಮ್ಮಿ ತೋರಿಸುತ್ತಿದ್ದಳು.

ಉಪಾಯ ಚೆನ್ನಾಗಿ ಫಲಿಸಿತು, ಬೇಕಾದದ್ದಕ್ಕಿಂತ ಚೆನ್ನಾಗಿ. ಮಾಸ್ಕಿನ ಒಳಗೆ ನಗು ಸದ್ದಿಲ್ಲದೆ ಒದ್ದಾಡುತ್ತಿತ್ತು. ಹೊರಗೆ ಕಾಣುತ್ತಿದ್ದದ್ದು ನಡುಗುವ ಹೆಗಲು, ತುಂಬಿ ಬಂದ ಕಣ್ಣು, ಬಾಗಿದ ತಲೆ. ಮೂರನೇ ದಿನ, ಕೈ ಮುರಿದ ಮಗುವಿನ ತಾಯಿಯೊಬ್ಬಳು ತನ್ನ ಸೆರಗಿನಿಂದಲೇ ವಿನುತಾಳ ಕಣ್ಣೊರೆಸಿ, “ನೀವು ಅಳ್ಬೇಡಿ ಸಿಸ್ಟರೆ, ನಾನೇ ಅಳ್ಲಿಲ್ಲ” ಎಂದಳು.

ಸುದ್ದಿ ಮಂಚದಿಂದ ಮಂಚಕ್ಕೆ ದಾಟಿತು. ಕೇಣಿ ಕಡೆಯ ಒಂದು ಹುಡುಗಿ ಇದೆ, ರೋಗಿಗಳ ನೋವು ನೋಡಲಾರದೆ ಅಳುತ್ತದೆ. ಎಷ್ಟು ಕರುಳು ನೋಡಿ. ಅವಳಿಗೆ ಬಾಳೆಹಣ್ಣು ಬಂತು, ಬೇಯಿಸಿದ ಮೊಟ್ಟೆ ಬಂತು. ವೈಜಯಂತಿ ಮೇಡಂ ಕೂಡ, “ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು ವಿನುತಾ” ಎಂದು ಮೆತ್ತಗೆ ಗದರಿಸಿ, ಅವಳ ರೆಕಾರ್ಡಿನಲ್ಲಿ ‘ಅನುಕಂಪ ಉಳ್ಳವಳು’ ಎಂದು ಬರೆದರು. ವಿನುತಾ ಮೊಟ್ಟೆ ತಿಂದಳು.

ಆಗ ಬಂದಳು ಭಾವಿಕೇರಿಯ ಸೋಮಜ್ಜಿ.

ಸೋಮಜ್ಜಿಗೆ ಎಪ್ಪತ್ತರ ಮೇಲೆ ಎಷ್ಟೋ. ಗದ್ದೆಯಲ್ಲಿ ಬಿದಿರಿನ ಚೂರು ಮೆಟ್ಟಿದ್ದಳು. ಸಕ್ಕರೆ ಕಾಯಿಲೆಯ ದೇಹ, ಎಡಗಾಲ ಪಾದದಲ್ಲಿ ಅಂಗೈಯಗಲ ಹುಣ್ಣಾಗಿತ್ತು. ತಡಮಾಡಿ ಬಂದರೂ ಡಾಕ್ಟರು ಕಾಲು ಉಳಿಸಿದ್ದರು. ದಿನಾ ತೊಳೆದು ಕಟ್ಟಿದರೆ, ಸೂಜಿ ತಪ್ಪದಿದ್ದರೆ, ಇನ್ನು ಹತ್ತು ಹನ್ನೆರಡು ದಿನಗಳಲ್ಲಿ ಮನೆಗೆ ಹೋಗಬಹುದಿತ್ತು. ಆ ತೊಳೆದು ಕಟ್ಟುವ ಕೆಲಸ ವಿನುತಾಳ ಪಾಲಿಗೆ ಬಂತು.

ಪಟ್ಟಿ ಬಿಚ್ಚಿದಾಗ ವಿನುತಾಳಿಗೆ ಕಂಡದ್ದು ಗೊಂಬೆಯ ಕಾಲಲ್ಲ. ಗುಲಾಬಿ, ಹಳದಿ, ಒಂದು ಬದಿಗೆ ಕಪ್ಪು. ನಡುವೆ ಏನೋ ಬೆಳ್ಳಗೆ ಮಿನುಗುತ್ತಿತ್ತು. ಅವಳು ಇಕ್ಕಳದಲ್ಲಿ ಅರಿವೆ ಹಿಡಿದು ಬಾಗಿದಳು. ಹೆಗಲು ನಡುಗತೊಡಗಿತು. ಕಣ್ಣಿನಿಂದ ಎರಡು ಹನಿ ಉರುಳಿ ಮಾಸ್ಕಿನ ಅಂಚಿನಲ್ಲಿ ಇಂಗಿದವು. ಕೈ ಮಾತ್ರ ಕೆಲಸ ಬಿಡಲಿಲ್ಲ. ತೊಳೆಯಿತು, ಒರೆಸಿತು, ಔಷಧ ಹಚ್ಚಿತು, ಕಟ್ಟಿತು.

ಸೋಮಜ್ಜಿ ಕಾಲಿನ ಕಡೆ ನೋಡಿರಲೇ ಇಲ್ಲ. ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ಪಟ್ಟಿ ಕಟ್ಟಿ ಮುಗಿದ ಮೇಲೆ ನಿಧಾನವಾಗಿ, “ಆಯ್ತು ಮಗಾ. ನಂಗೆ ತಿಳೀತು” ಅಂದಳು.

ಏನು ತಿಳಿಯಿತೆಂದು ವಿನುತಾ ಕೇಳಲಿಲ್ಲ. ಬಾಯಿ ತೆರೆಯುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಆ ಮಧ್ಯಾಹ್ನ ಸೋಮಜ್ಜಿ ಊಟ ಬೇಡವೆಂದಳು. ಇನ್ಸುಲಿನ್ ಬೇಡವೆಂದಳು. ಮಗ ಅಶೋಕನನ್ನು ಹತ್ತಿರ ಕರೆದು, “ನನ್ನ ಮನೆಗೆ ಕರ್ಕಂಡು ಹೋಗು. ಆಸ್ಪತ್ರೇಲಿ ಸಾಯೂದಿಲ್ಲ ನಾ” ಎಂದಳು.

ಅಶೋಕ ಗೌಂಡಿ ಕೆಲಸದವನು, ಸಿಮೆಂಟಿನಂತೆಯೇ ಮಾತು ನಿಧಾನ. “ಅವ್ವಿ, ಡಾಕ್ಟ್ರು ಕಾಲು ಒಳ್ಳೇದಾಗ್ತಿದೆ ಅಂದ್ರಲೆ.”

“ಡಾಕ್ಟ್ರಿಗೆ ಹಂಗೆ ಹೇಳೂಕೆ ಸಂಬ್ಳ ಕೊಡ್ತಾರೆ. ಆ ಹುಡ್ಗಿಗೆ ಅಳೂಕೆ ಯಾರು ಸಂಬ್ಳ ಕೊಡ್ತಾರೆ? ಪಟ್ಟಿ ಬಿಚ್ಚಿ ನೋಡಿದ್ದೇ ಗಳಗಳ ಅತ್ತುಬಿಡ್ತು ಪಾಪದ್ದು. ಅದರ ಕಣ್ಣೀರು ಸುಳ್ಳಾಗ್ತದ್ಯಾ?”

ಅಶೋಕ ಹೋಗಿ ಡಾಕ್ಟರನ್ನು ಕರೆತಂದ. ಕಾಲು ಗುಣವಾಗುತ್ತಿದೆಯೆಂದು ಅವರೇ ಹೇಳಿದರು. ಸೋಮಜ್ಜಿ ಅವರ ಕಡೆ ಕನಿಕರದಿಂದ ನೋಡಿ, “ನಿಮ್ಮ ಕೆಲ್ಸ ನೀವು ಮಾಡಿದ್ರಿ, ದೇವ್ರು ಒಳ್ಳೇದು ಮಾಡ್ಲಿ” ಎಂದು ಕೈ ಮುಗಿದಳು. ಡಾಕ್ಟರು ಅಪ್ಪಣೆ ಪಡೆದವರಂತೆ ಹೊರಟು ಹೋದರು.

ಸಂಜೆ ಅಶೋಕನ ಮೊಬೈಲಿನಲ್ಲಿ ಭಾವಿಕೇರಿಗೆ ಕೊನೆಯ ಮಾತುಗಳು ಹೋದವು. ದೊಡ್ಡ ಹರಿವಾಣ ಯಾರಿಗೆ, ಕಪ್ಪು ಆಡು ಯಾರಿಗೆ. ಕೊನೆಗೆ ಸೋಮಜ್ಜಿ ದನಿ ತಗ್ಗಿಸಿ, ನಲವತ್ತು ವರ್ಷ ಯಾರಿಗೂ ಹೇಳದ ಗುಟ್ಟು ಹೇಳಿದಳು. ಮೊಗೆಕಾಯಿಯ, ಆ ದೊಡ್ಡ ಸಾಂಬಾರು ಸೌತೆಯ, ಬೀಜ ಬೂದಿಯಲ್ಲಿ ಹುಗಿದು ಡಬ್ಬಿಯಲ್ಲಿಟ್ಟದ್ದು ಭತ್ತದ ಕಣಜದ ಹಿಂದೆ ಇದೆ. ಅಂಥ ಮೊಗೆಕಾಯಿ ಭಾವಿಕೇರಿಯಲ್ಲಿ ಬೇರೆ ಯಾರ ಹಿತ್ತಲಲ್ಲೂ ಆಗುವುದಿಲ್ಲ. ಪಕ್ಕದ ಮನೆಯ ದುರ್ಗಿ ಆ ಬೀಜ ಕೇಳಿ, ಇವಳು ಕೊಡದೆ, ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. “ಅದನ್ನ ದುರ್ಗಿಗೆ ಕೊಡಿ. ಹಗೆ ಹೊತ್ಕಂಡು ಹೋಗೂದು ಬ್ಯಾಡ” ಎಂದಳು ಸೋಮಜ್ಜಿ. ಆಸುಪಾಸಿನ ಮಂಚದವರು ಮೂಗು ಸೀಟಿಕೊಂಡರು.

ಇದೆಲ್ಲ ವಿನುತಾಳಿಗೆ ತಿಳಿದದ್ದು ಮರುದಿನ ಬೆಳಿಗ್ಗೆ. ವಾರ್ಡಿನ ಬಾಗಿಲಲ್ಲಿ ಹನ್ನೊಂದು ಜನ ನಿಂತಿದ್ದರು. ಹೊರಗೆ ಟೆಂಪೋ. ಒಳಗೆ ಸೋಮಜ್ಜಿ ಗಾಲಿಕುರ್ಚಿಯಲ್ಲಿ ಕುಳಿತಿದ್ದಳು, ಮಡಿಲಲ್ಲಿ ಬಟ್ಟೆಯ ಗಂಟು. ಅಶೋಕನ ಕೈಯಲ್ಲಿ ಒಂದು ಕಾಗದ: ಡಾಕ್ಟರ ಮಾತು ಮೀರಿ ನಮ್ಮ ಸ್ವಂತ ಜವಾಬ್ದಾರಿಯಲ್ಲಿ ಕರೆದೊಯ್ಯುತ್ತಿದ್ದೇವೆ ಎಂದು. ಹೆಬ್ಬೆಟ್ಟು ಒತ್ತಲು ಶಾಯಿಯ ಡಬ್ಬಿ ಹುಡುಕುತ್ತಿದ್ದರು.

ರೂಪಾ ಅವಳನ್ನು ಮೂಲೆಗೆ ಎಳೆದು ನಡೆದದ್ದನ್ನೆಲ್ಲ ಹೇಳಿದಳು. “ಮನೆಗೆ ಹೋದ್ರೆ ಡ್ರೆಸ್ಸಿಂಗಿಲ್ಲ, ಇನ್ಸುಲಿನ್ ಇಲ್ಲ. ಹದಿನೈದು ದಿನ ಬದುಕಿದ್ರೆ ಹೆಚ್ಚು ಅಂತ ಡಾಕ್ಟ್ರೇ ಹೇಳಿದ್ರು. ನೀ ಅತ್ತದ್ದಕ್ಕೆ ಅಂತೆ ಮಾರಾಯ್ತಿ.”

“ನಾನು ಅತ್ತಿಲ್ಲ.”

“ನಂಗೆ ಗೊತ್ತು” ಎಂದಳು ರೂಪಾ. “ನಿಂಗೆ, ನಂಗೆ. ಮತ್ಯಾರಿಗೂ ಗೊತ್ತಿಲ್ಲ.”

ವಿನುತಾಳಿಗೆ ಲೆಕ್ಕ ಕಷ್ಟವೇನೂ ಇರಲಿಲ್ಲ. ಬಾಯಿ ಬಿಟ್ಟರೆ ಅದು ಮೂರನೇ ಸಲವಾಗುತ್ತದೆ, ಒಂದು ವರ್ಷ ಹೋಗುತ್ತದೆ. ಬಿಡದಿದ್ದರೆ ಕರುಳಿನ ಹುಡುಗಿಯಾಗಿಯೇ ಉಳಿಯಬಹುದು, ಮೊಟ್ಟೆ ಬರುತ್ತಿರುತ್ತದೆ. ಟೆಂಪೋದ ಡ್ರೈವರು ಹೊರಗೆ ಹಾರ್ನು ಹಾಕಿದ. ಯಾರೋ ಶಾಯಿಯ ಡಬ್ಬಿ ತಂದರು. ಸೋಮಜ್ಜಿಯ ಹೆಬ್ಬೆರಳು ಶಾಯಿಯಲ್ಲಿ ಅದ್ದಿ ಮೇಲೆದ್ದಿತು.

“ಅಜ್ಜಿ” ಎಂದಳು ವಿನುತಾ. “ನಿನ್ನೆ ನಾನು ಅತ್ತದ್ದಲ್ಲ. ನಕ್ಕದ್ದು.”

ಹನ್ನೊಂದು ಜನ ತಿರುಗಿ ನೋಡಿದರು.

“ಸಾಯೂರ ಸಮಾಧಾನಕ್ಕೆ ಹಿಂಗೆಲ್ಲ ಹೇಳ್ತಾರೆ” ಎಂದಳು ಸೋಮಜ್ಜಿ, ಮೃದುವಾಗಿ. “ಇದ್ರದ್ದು ಭಾರಿ ಮನಸು.”

“ಖರೆ ಅಜ್ಜಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ. ಹೆದರಿಕೆ ಆದರೆ ನಗು ಬರ್ತದೆ. ನಾನು ಕೇಣಿಯ ಗಂಗೆಯ ಮಗಳು. ಮೀನಿನ ಗಂಗೆ.”

ಸೋಮಜ್ಜಿಯ ಬೆರಳು ಗಾಳಿಯಲ್ಲೇ ನಿಂತಿತು. “ಏಳು ಬಂಗಡೆ ಎಣಿಸಿ ಕೊಟ್ಟು ಎಂಟು ಅಂಬೂ ಗಂಗೆಯಾ?”

“ಹೌದು” ಎಂದಳು ವಿನುತಾ. ಆ ಹೊತ್ತಿಗೆ ಆಯಿಯ ಮಾನ ಕಾಯುವಷ್ಟು ಬಿಡುವಿರಲಿಲ್ಲ.

“ಹಂಗಾದ್ರೆ ನಿನ್ನ ಮಾತು ನಂಬೂಕೇ ಆಗೂದಿಲ್ಲ” ಎಂದು ಸೋಮಜ್ಜಿ ತೀರ್ಮಾನಿಸಿದಳು. “ನಕ್ಕದ್ದು ಹೌದಾದ್ರೆ ನಕ್ಕು ತೋರ್ಸು.”

ವಿನುತಾ ಮಾಸ್ಕು ಕಳಚಿದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತ ನಿಂತರು. ಅವಳು ನಗಲು ನೋಡಿದಳು. ನಗು ಬರಲಿಲ್ಲ. ಬೇಡವೆಂದರೆ ಮೂಗಿನಿಂದ ಬರುತ್ತಿದ್ದದ್ದು ಈಗ ಕರೆದರೂ ಬಾರದೆ, ಮಂಚದಡಿ ಸೇರಿದ ಬೆಕ್ಕಿನಂತೆ ಒಳಗೆಲ್ಲೋ ಕುಳಿತಿತ್ತು. ಅವಳು ಹಲ್ಲು ಬಿಟ್ಟಳು. ಹಲ್ಲುನೋವಿನವರು ಡಾಕ್ಟರಿಗೆ ತೋರಿಸುವ ಹಾಗೆ ಕಂಡಿತು.

“ಪಾಪದ್ದು” ಎಂದು ಯಾರೋ ಅಂದರು.

ಅಶೋಕ ಕಾಗದ ಮುಂದೆ ಹಿಡಿದ. ಸೋಮಜ್ಜಿಯ ಹೆಬ್ಬೆರಳು ಕೆಳಗಿಳಿಯಿತು.

“ವಿನುತಾ. ಏನು ನಡೀತಿದೆ ಇಲ್ಲಿ?”

ಬೆನ್ನ ಹಿಂದೆ ವೈಜಯಂತಿ ಮೇಡಂ. ಹಾಜರಿ ಪುಸ್ತಕ ಕಂಕುಳಲ್ಲಿ, ಕನ್ನಡಕ ಮೂಗಿನ ತುದಿಯಲ್ಲಿ.

ನಗು ಬಂತು. ಅದು ಹೊಟ್ಟೆಯ ತಳದಿಂದ ಮಿಸುಕಾಡಿ ಬರಲಿಲ್ಲ, ಒಮ್ಮೆಲೇ ಬಂತು, ತಾತನ ನಗು, ದೋಣಿಯ ಬೆನ್ನ ಮೇಲಿನ ನಗು. ವಿನುತಾ ಮಂಚದ ಕಂಬಿ ಹಿಡಿದು ಬಾಗಿದಳು. ಹೆಗಲು ಕುಣಿಯಿತು, ಕಣ್ಣಿನಿಂದ ನೀರು ಧಾರೆಯಾಯಿತು. ತಡೆಯಲು ಹೋದಷ್ಟೂ ಇನ್ನಷ್ಟು ಬಂತು. ‘ಒಂದು ವರ್ಷ ಹೋಯಿತು’ ಎಂದು ಮನಸ್ಸು ಹೇಳಿದ ಕೂಡಲೇ ಮತ್ತೊಂದು ಅಲೆ ಎದ್ದಿತು. ಬಾಗಿಲಲ್ಲಿದ್ದ ಕಾವಲುಗಾರ ಒಳಗೆ ಇಣುಕಿದ. ಆರನೇ ಮಂಚದ ಮುದುಕಿಗೆ ಕಾರಣವೇ ಗೊತ್ತಿಲ್ಲದೆ ನಗು ಹತ್ತಿತು.

ಸೋಮಜ್ಜಿ ನಗಲಿಲ್ಲ. ಆ ನಡುಗುವ ಹೆಗಲನ್ನು ನೋಡಿದಳು, ಕಣ್ಣೀರನ್ನು ನೋಡಿದಳು, ನಿನ್ನೆಯದಕ್ಕೂ ಇವತ್ತಿನದಕ್ಕೂ ತಾಳೆ ನೋಡಿದಳು. ಅವಳ ಮುಖ ನಿಧಾನವಾಗಿ ಬದಲಾಯಿತು.

“ಇದೇಯ. ನಿನ್ನೆ ಮಾಡಿದ್ದು ಇದನ್ನೇಯ.” ದನಿ ಗಟ್ಟಿಯಾಯಿತು. “ನನ್ನ ಕಾಲು ನೋಡ್ಕಂಡು ನಗ್ಯಾಡಿದ್ಯಾ ನೀ?”

“ಹೆದರಿಕೆ ಆಗಿ ಅಜ್ಜಿ” ಎಂದಳು ವಿನುತಾ, ಉಸಿರು ಸಿಕ್ಕಿದಷ್ಟರಲ್ಲಿ.

“ಹೆದ್ರೂಕೆ ನನ್ನ ಕಾಲಿಗೆ ಯಂತಾ ಆಗಿದೆ? ಒಳ್ಳೇದಾಗ್ತಿದೆ ಅಂತ ಡಾಕ್ಟ್ರು ಬಾಯಿಬಿಟ್ಟು ಹೇಳಿ ಹೋಗ್ಲಿಲ್ವಾ? ಓದಿದವ್ರ ಮಾತು ಕೇಳೂದು ಬಿಟ್ಟು, ಈ ನಗೂ ಮಳ್ಳು ಹಿಡ್ದದ್ರ ಮಾತು ಕೇಳಿ ನನ್ನ ಸಾಯಿಸೂಕೆ ಹೊಂಟ್ರಲೆ ನೀವು” ಎಂದು ಮಗನ ಮೇಲೆ ಹಾಯ್ದಳು. ಅಶೋಕ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಏನು ಹೇಳಿದರೂ ತಪ್ಪಾಗುವ ಗಳಿಗೆ ಅದೆಂದು ಅವನಿಗೆ ಗೊತ್ತಿತ್ತು.

ಸೋಮಜ್ಜಿಗೆ ಥಟ್ಟನೆ ಇನ್ನೊಂದು ನೆನಪಾಯಿತು. ಕುರ್ಚಿಯಲ್ಲೇ ನೆಟ್ಟಗೆ ಕುಳಿತು ಕೇಳಿದಳು, “ಬೀಜ ಎಲ್ಲಿ?”

ಬಾಗಿಲಲ್ಲಿದ್ದವರ ಹಿಂದಿನಿಂದ ದುರ್ಗಿ ಇಣುಕಿದಳು. ಹನ್ನೊಂದು ವರ್ಷದ ಹಗೆ ಮರೆತು, ಬೆಳಿಗ್ಗೆಯಷ್ಟೇ ಎಲ್ಲರಿಗಿಂತ ಜೋರಾಗಿ ಅತ್ತವಳು ಅವಳು. ಡಬ್ಬಿ ಅವಳ ಸೆರಗಿನಲ್ಲೇ ಇತ್ತು.

“ಇತ್ಲಾಗೆ ತಾ” ಎಂದಳು ಸೋಮಜ್ಜಿ.

“ಕೊಟ್ಟದ್ದು ಕೊಟ್ಟದ್ದೇ ಅತ್ಗೆ” ಎಂದಳು ದುರ್ಗಿ. “ಫೋನಲ್ಲಿ ಎಲ್ಲಾರೂ ಕೇಳಿದಾರೆ.”

“ನಾ ಸಾಯ್ತೆ ಅಂತ ಕೊಟ್ಟದ್ದು.”

“ಸಾಯ್ದೇ ಇದ್ದದ್ದು ನಿಮ್ಮ ತಪ್ಪು. ನಂಗೆ ಯಂತ ಗೊತ್ತಿತ್ತು?”

“ಕಾಲು ಒಂದು ಗುಣ ಆಗ್ಲಿ, ನಿನ್ನ ಹಿತ್ಲಿಗೇ ಬಂದು ಬಳ್ಳಿ ಕಿತ್ಕಂಡು ಹೋಗ್ತೆ” ಎಂದು ಸೋಮಜ್ಜಿ ಗುಡುಗಿದಳು. ಆಮೇಲೆ ರೂಪಾಳ ಕಡೆ ತಿರುಗಿ, “ಗಂಜಿ ಉಂಟಾ? ನಿನ್ನೆಯಿಂದ ಹೊಟ್ಟೆಗೆ ಯಂತದೂ ಇಲ್ಲ ನಂಗೆ” ಅಂದಳು. ಗಂಜಿಗೆ ಮೊದಲು ಸೂಜಿಗೆ ತೋಳು ಚಾಚಿದಳು. ಟೆಂಪೋ ಹನ್ನೊಂದು ಜನರನ್ನೂ ಹತ್ತಿಸಿಕೊಂಡು ಭಾವಿಕೇರಿಗೆ ಮರಳಿತು. ದುರ್ಗಿ ಡಬ್ಬಿ ಹಿಡಿದು ಎಲ್ಲರಿಗಿಂತ ಮೊದಲೇ ಹತ್ತಿ ಕುಳಿತಿದ್ದಳು.

ವೈಜಯಂತಿ ಮೇಡಂ ವಿನುತಾಳನ್ನು ಬಟ್ಟೆ ಇಡುವ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಮಾಸ್ಕಿನ ವಿಷಯ ಕೇಳಿದರು. ವಿನುತಾ ಹೇಳಿದಳು. ಹೇಳುತ್ತ ಹೋದಂತೆ ಕೇಳದ ವಿಷಯವೂ ಬಂತು: ಕಿಶೋರ, ಬಾಚಣಿಗೆ, ಸರಿಯಾಗದ ಬೈತಲೆ. ಅವನಿಗೆ ಹೋಗಿ ಏನು ಹೇಳಬೇಕೆಂದು ಈಗಲೂ ಗೊತ್ತಿಲ್ಲವೆಂದಳು.

ಮೇಡಂ ಹೊದಿಕೆಯೊಂದರ ಮಡಿಕೆ ಸರಿಮಾಡಿದರು. ಆಮೇಲೆ ಹೇಳಿದರು, “ನಕ್ಕದ್ದಕ್ಕೆ ನಾನು ಕೊಟ್ಟ ಮೆಮೊ ತಪ್ಪೇನೋ. ಕೇಳಿ ಕೊಡಬೇಕಿತ್ತು. ಆದರೆ ನೀನು ಅಳುತ್ತಿದ್ದೀಯೆಂದು ರೋಗಿ ನಂಬುವುದು ಗೊತ್ತಿದ್ದೂ ಸುಮ್ಮನಿದ್ದೆಯಲ್ಲ, ಅದಕ್ಕೆ ಶಿಕ್ಷೆ ಉಂಟು.”

ಶಿಕ್ಷೆ ಎರಡು ಇದ್ದವು. ರಜೆಯಲ್ಲಿ ಊರಿಗೆ ಹೋಗದೆ ಇದೇ ವಾರ್ಡಿನಲ್ಲಿ ಹತ್ತು ದಿನ ಹೆಚ್ಚು ಕೆಲಸ; ಮಾಸ್ಕಿನೊಳಗೆ ಕಳೆದ ದಿನಗಳು ಲೆಕ್ಕಕ್ಕಿಲ್ಲ, ಹಾಗೆ ಮಾಡಿದರೆ ಪರೀಕ್ಷೆಗೆ ಗಂಟೆಗಳು ಸರಿಹೋಗುತ್ತವೆ. ಇನ್ನೊಂದು, ಯಾವ ರೋಗಿಯನ್ನು ಮುಟ್ಟುವ ಮೊದಲೂ ಸತ್ಯ ಹೇಳಬೇಕು. ಉಳಿದ ಹುಡುಗಿಯರು ಹೆಸರು ಹೇಳಿ ಕೆಲಸ ಶುರುಮಾಡಿದರೆ, ವಿನುತಾ ಅದಕ್ಕೆ ಒಂದು ಸಾಲು ಸೇರಿಸಬೇಕಾಯಿತು. “ನನ್ನ ಹೆಸರು ವಿನುತಾ. ಹೆದರಿಕೆ ಆದರೆ ನನಗೆ ನಗು ಬರ್ತದೆ. ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಂಡವರೂ ಇದ್ದರು. ಆದರೆ ಹೆಚ್ಚಿನವರು ಸುಮ್ಮನೆ ಅವಳ ಮುಖ ನೋಡಿ, ತಮಗೂ ಏನೇನಾಗುತ್ತದೆ ಎಂದು ಹೇಳತೊಡಗಿದರು. ಒಬ್ಬನಿಗೆ ಹೆದರಿದರೆ ಬಿಕ್ಕಳಿಕೆ. ಒಬ್ಬಳಿಗೆ ಹಸಿವು. ಡ್ರೈವರೊಬ್ಬನಿಗೆ ಹೆದರಿದಾಗೆಲ್ಲ ಹೆಂಡತಿಯ ಮೇಲೆ ಸಿಟ್ಟು ಬರುತ್ತಿತ್ತು, ಅದು ಹೆದರಿಕೆಯೆಂದು ಅವನಿಗೆ ಆವತ್ತೇ ಹೊಳೆಯಿತು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿಗೆ ಅದು ಮೊದಲೇ ಗೊತ್ತಿತ್ತು.

ಮೊಟ್ಟೆ ಬರುವುದು ನಿಂತಿತು.

ಸೋಮಜ್ಜಿ ಮಾತ್ರ ಬೇರೆಯವರ ಕೈಗೆ ಕಾಲು ಕೊಡಲಿಲ್ಲ. “ಆ ನಗೂದನ್ನೇ ಕಳ್ಸಿ. ಅದಕ್ಕಾದ್ರೆ ಮುಚ್ಚಿಡೂಕೆ ಬರೂದಿಲ್ಲ” ಎಂದಳು. ದಿನಾ ಪಟ್ಟಿ ಬಿಚ್ಚುವಾಗ ತಲೆದಿಂಬಿಗೆ ಒರಗಿ ಹುಡುಗಿಯ ಕಣ್ಣು, ಹೆಗಲು ನೋಡುತ್ತ ಮಲಗುತ್ತಿದ್ದಳು. ಹೆಗಲು ನಡುಗಿದರೆ, “ಮುಗೀತಾ? ಇನ್ನೂ ಉಂಟಾ?” ಎಂದು ಕೇಳುತ್ತಿದ್ದಳು. ಮೊದಲ ದಿನ ಬಹಳ ಇತ್ತು. ಮೂರನೇ ದಿನ ಸ್ವಲ್ಪ. ನಗು ಬಂದರೆ ವಿನುತಾ ಇಕ್ಕಳ ಪಕ್ಕಕ್ಕಿಟ್ಟು, ಮುಖ ತಿರುಗಿಸಿ ನಕ್ಕು, ಮತ್ತೆ ಕೈ ತೊಳೆದು ಬರುತ್ತಿದ್ದಳು.

ಒಂಬತ್ತನೇ ದಿನ ವಿನುತಾ ಪಟ್ಟಿ ಬಿಚ್ಚಿದಾಗ ಹುಣ್ಣು ಅರ್ಧಕ್ಕೆ ಇಳಿದಿತ್ತು. ಅಂಚಿನಲ್ಲಿ ಹೊಸ ಚರ್ಮ, ನೀರಿಳಿದ ಮೇಲಿನ ಮರಳಿನಂತೆ ತೆಳ್ಳಗೆ, ನುಣ್ಣಗೆ. ಅವಳು ಅದನ್ನೇ ನೋಡುತ್ತ, ಅಳತೆ ಬರೆದುಕೊಳ್ಳುತ್ತ, ಎಲ್ಲಿದ್ದೇನೆಂಬುದನ್ನೇ ಮರೆತಳು.

“ಏ ತಂಗಿ” ಎಂದಳು ಸೋಮಜ್ಜಿ. ದನಿಯಲ್ಲಿ ಅನುಮಾನವಿತ್ತು. “ಇವತ್ತು ಯಂತಕೆ ನಗೂದಿಲ್ಲ?”

ವಿನುತಾ ತಲೆ ಎತ್ತಿದಳು. ಹೌದಲ್ಲ ಎನಿಸಿತು. “ಗೊತ್ತಿಲ್ಲ ಅಜ್ಜಿ. ಬರ್ಲಿಲ್ಲ.”

“ಬರ್ಲಿಲ್ಲ ಅಂದ್ರೆ? ಯಂತಾ ಆಗಿದೆ ಕಾಲಿಗೆ? ಖರೆ ಹೇಳು.”

“ಏನೂ ಆಗಿಲ್ಲ. ಒಳ್ಳೇದಾಗಿದೆ. ಹೆದರಿಕೆ ಆಗ್ಲಿಲ್ಲ, ಅದಕ್ಕೇ ನಗು ಬರ್ಲಿಲ್ಲ.”

“ನಿಮ್ಮ ಮನೆ ಲೆಕ್ಕ ನಂಗೆ ತಲೆ ಹತ್ತೂದಿಲ್ಲ. ಗಂಗೆಯ ಬಂಗಡೆ ಲೆಕ್ಕದ ಹಾಂಗೇ ಅದು” ಎಂದು ಸೋಮಜ್ಜಿ ಪಕ್ಕದ ಮಂಚದವಳನ್ನು ಕರೆದು, ಹುಡುಗಿಯ ಮುಖ ಸರಿಯಾಗಿ ನೋಡಿ ಹೇಳು ಎಂದಳು. ಅವಳು ನೋಡಿ, ಏನೂ ಕಾಣುವುದಿಲ್ಲವೆಂದಳು. ಸೋಮಜ್ಜಿಗೆ ಸಮಾಧಾನವಾಗಲಿಲ್ಲ. ಎರಡೂ ಮೊಣಕೈ ಊರಿ, ನರಳಿ, ಎದ್ದು ಕುಳಿತಳು. ವಿನುತಾ ಬೆನ್ನಿಗೆ ಕೈ ಕೊಟ್ಟಳು. ಬಂದ ದಿನದಿಂದ ಮೊದಲ ಸಲ ಮುದುಕಿ ಬಾಗಿ ತನ್ನ ಕಾಲನ್ನು ತಾನೇ ನೋಡಿದಳು.

ತುಂಬಾ ಹೊತ್ತು ನೋಡಿದಳು. ದಿನಾ ತೊಳೆದು ತೊಳೆದು ಆ ಪಾದ ಬೆಳ್ಳಗಾಗಿತ್ತು. ಎಪ್ಪತ್ತು ವರ್ಷದ ಗದ್ದೆಯ ಮಣ್ಣು ಬಿರುಕುಗಳಿಂದ ಹೊರಟುಹೋಗಿ, ಉಗುರು ಕೂಡ ಹೊಳೆಯುತ್ತಿತ್ತು. ಪಕ್ಕದಲ್ಲಿ ಬಲಗಾಲು ಕಪ್ಪಗೆ, ಬಿರುಕು ಬಿಟ್ಟು, ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಸೋಮಜ್ಜಿ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು.

“ಇನ್ನೊಂದು ಕಾಲನ್ನೂ ಹಿಂಗೇ ತೊಳ್ದುಕೊಡು” ಎಂದಳು. “ಊರಿಗೆ ಹೋದ್ರೆ ಜೋಡಿ ಆಗೂದಿಲ್ಲ.”